ಇಬ್ಬರ ದಮ್ಮು

ನಿನ್ನೆ ಅಜವಾನ ಹುರಿಯುತ್ತಿದ್ದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮಳಖೇಡದ ನಮ್ಮ ಪಕ್ಕದ ಮನೆಯ ಕಾಕು ಗೋಡೆಯಾಚೆ ಬಂದು ನಿಂತಂತಾಯಿತು. ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ಅಧಿಕಾರದಲ್ಲಿ ಮಾತ್ರ ಅತ್ತೆಗಿಂತ ಒಂದು ಕೈ ಮೇಲು.

ಆಗ ಮಗನಿಗೆ ಮೂರು ವರ್ಷ. ದಮ್ಮಿನ ಕಾಯಿಲೆ. ಕಾಕು ಅಜವಾನ ಹುರಿದು ಅರಿವೆಯಲ್ಲಿ ಕಟ್ಟಿ ಅವನ ಎದೆಗೆ ಕಾವು ಕೊಟ್ಟರು, ದೃಷ್ಟಿ ತೆಗೆದರು, ಊರಿನ ಧೂಳಿಗೆಲ್ಲ ಹಿಡಿಶಾಪ ಹಾಕಿದರು. ಉಬ್ಬಸ ಜಗ್ಗಲಿಲ್ಲ. ನನಗೋ, ಹೆರಿಗೆಯಾದಾಗ ಕವಿದ ಮಂಕು ಸರಿದಿರಲೇ ಇಲ್ಲ. ಸುಮ್ಮನೆ ಕುಳಿತುಬಿಟ್ಟ ದಿನ ಅವನಿಗೆ ಬಾಯಲ್ಲಿ ಔಷಧ ಎಳೆದುಕೊಳ್ಳುವ ಪಂಪು ಕೊಡುವುದು ಮರೆಯುತ್ತಿತ್ತು. ಅವನು ಏದುಸಿರು ಬಿಟ್ಟರೆ ಎಲ್ಲ ನನ್ನಿಂದಲೇ ಎಂದು ಇನ್ನಷ್ಟು ಕುಸಿಯುತ್ತಿದ್ದೆ...

ಒಂದು ದಿನ ಅವನು ಉಸಿರಿಗೆ ಒದ್ದಾಡತೊಡಗಿದಾಗ ಕಾಕುವೇ ನಮ್ಮಿಬ್ಬರನ್ನೂ ಸೇಡಂ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಅವನ ಉಸಿರು ಹಗುರ ಮಾಡಿ, "ದಮ್ಮು ಎಷ್ಟ್ ದಿನದಿಂದ ಅದ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕು ಶುರುಮಾಡಿದರು.

"ಕೂಸಿಗಿ ದಮ್ಮು ಅದರಿ. ಆದ್ರ ಇಕಿಗೇ ದಮ್ ಇಲ್ಲ ನೋಡ್ರಿ! ಉಣ್ಣಲ್ಲ, ತಲಿ ಬಾಚ್ಕೊಳ್ಳಲ್ಲ."

ಅದು ಶುದ್ಧ ಚಾಡಿ. ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನತ್ತ ತಿರುಗಿ, "ನಿದ್ದಿ ಬರ್ತದೇನವ್ವ?" ಎಂದರು. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಬಿಕ್ಕಿಬಿಕ್ಕಿ ಅತ್ತೆ.

"ನಾ ಏನರ ತಪ್ ಅಂದ್ನೇನ್ರಿ?" ಕಾಕುಗೆ ಗಾಬರಿ.

"ಭಾಳ ಛಲೋ ಅಂದ್ರಿ. ತಾಯಿ ಮನಸ್ಸು ಕುಗ್ಗಿದ್ರ ಕೂಸಿನ ಉಸಿರಿಗೂ ತ್ರಾಸ ಆಗಬಹುದು. ಇಬ್ಬರಿಗೂ ಔಷಧ ಮಾಡೋಣ್ರಿ."

ಅಂದಿನಿಂದ ಸಂಜೆಯಾದರೆ ಕಾಕು ಗೋಡೆಯ ಮೇಲಿಂದ ಕೂಗುತ್ತಿದ್ದರು: "ಯವ್ವಾ, ದಮ್ ಎಳದ್ರೇನ?" ಮಗನಿಗೆ ಪಂಪು, ನನಗೆ ಗುಳಿಗೆ ಆಯಿತೇ ಎಂದು ಅದರ ಅರ್ಥ. "ಅವನದಾತ್ರಿ ಕಾಕು" ಎಂದರೆ ಬಿಡುತ್ತಿರಲಿಲ್ಲ. "ಮತ್ತ ನಿಂದು?"

ಓಣಿಯವರು ತಿಳಿದುಕೊಂಡದ್ದೇ ಬೇರೆ: ತಾಯಿ ಮಗ ಕೂಡಿ ಬೀಡಿ ಸೇದುತ್ತಾರೆ! ಹಾಲಿನವನಂತೂ ನನ್ನ ಗಂಡನ ಮುಂದೆ ಮರುಗಿದ. "ಸಾಹೇಬ್ರ, ಅಷ್ಟು ಸಣ್ಣ ಕೂಸಿಗೂ ಚಟ ಹಚ್ಚ್ಯಾರಲ್ರಿ!" ಅದನ್ನು ಕೇಳಿ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಗ ನನ್ನ ಮುಖವನ್ನೇ ನೋಡುತ್ತಿದ್ದವನು ತಾನೂ ನಕ್ಕ. ಕೆಮ್ಮಲಿಲ್ಲ.

ಕಾಕು ತೀರಿಹೋಗಿ ಎರಡು ವರ್ಷವಾಯಿತು. ಮಗ ಈಗ ನನಗಿಂತ ಎತ್ತರ. ಅವನಿಗೆ ನೆಗಡಿ ಎಂದೇ ನಿನ್ನೆ ಅಜವಾನ ಹುರಿದದ್ದು. ಪಂಪು ಎಳೆದು, "ಅವ್ವಾ, ನನ್ನ ದಮ್ ಆತು" ಎಂದ. ರೂಢಿಯಂತೆ ನಾನು ಗೋಡೆಯತ್ತ ತಿರುಗಿ, "ಅವನದಾತ್ರಿ ಕಾಕು..." ಎಂದುಬಿಟ್ಟೆ.

ನನ್ನದು ಆಯಿತೇ ಎಂದು ಯಾರೂ ಕೇಳಲಿಲ್ಲ.