ಜಳಕ ಮಾಡಿದ ಜಪಾನಿನ ದೇವರು

ನನ್ನ ಸಿಟ್ಟು ಸುರಪುರದಿಂದ ರಂಗಂಪೇಟೆಯವರೆಗೂ ಹೆಸರುವಾಸಿ. ಹೇಳಿದ ದಿನಕ್ಕಿಂತ ಮೊದಲೇ ಬಂದು ಕುಪ್ಪಸ ಕೇಳಿದವರಿಗೆ, ಹೊಲಿಯದ ಬಟ್ಟೆಯನ್ನು ಹಾಗೆಯೇ ಸುತ್ತಿ ಕೈಗೆ ಕೊಟ್ಟು ಕಳಿಸಿದವಳು ನಾನು. ಹೈದರಾಬಾದಿನಲ್ಲಿದ್ದ ಶಾಲೆಯ ಗೆಳತಿ ಒಮ್ಮೆ ಫೋನು ಮಾಡಿ, ಒಳಗಿನ ಹೊಲಸು ತೊಳೆಯುವ ಹೊಸ ಮಾರ್ಗವೊಂದು ಜಪಾನಿನಿಂದ ಬಂದಿದೆ, ಮೂರು ದಿನ ಇದ್ದು ಕಲಿತುಕೊಂಡು ಹೋಗು ಎಂದಳು. ನನ್ನ ಗಂಡ ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. ಪುಣ್ಯಾತ್ಮ ತಾವೇ ಬಂದು ಬಸ್ಸು ಹತ್ತಿಸಿ ಹೋದರು.

ಕಲಿಸಿದ್ದು ಇಷ್ಟು. ಆತ್ಮಕ್ಕೆ ಎಷ್ಟೋ ಜನ್ಮದ ಕೊಳೆ ಹತ್ತಿರುತ್ತದೆ. ಎದುರು ಕುಳಿತವರ ಹಣೆಯ ಮುಂದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದರೆ, ದೇವರ ಬೆಳಕು ಅದರಿಂದ ಹರಿದು ಕೊಳೆ ತೊಳೆಯುತ್ತದೆ. ಹತ್ತು ನಿಮಿಷ ಕೈ ಅಲ್ಲಾಡಬಾರದು. ಮೊದಲ ದಿನ ನನ್ನ ರಟ್ಟೆ ಬಿದ್ದುಹೋಯಿತು, ಮೂರನೆಯ ದಿನಕ್ಕೆ ಪಳಗಿತು. ಕೊನೆಗೆ ಕೊರಳಿಗೆ ಒಂದು ಪುಟ್ಟ ಪದಕ ಹಾಕಿದರು. ಬೆಳಕು ಬರುವುದೇ ಅದರ ಮೂಲಕ. ಅದು ನೆಲಕ್ಕೆ ಬೀಳಬಾರದು, ನೀರಂತೂ ತಾಗಲೇಬಾರದು. ತಾಗಿದರೆ ಕ್ಷಮೆ ಕೇಳಿ ಪತ್ರ ಬರೆಯಬೇಕು, ಹೊಸದು ಬರುವವರೆಗೆ ಕೈ ಎತ್ತುವಂತಿಲ್ಲ. ನಿಮ್ಮ ದೇವರನ್ನು ಬಿಡಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಹೀಗಾಗಿ ಹುಟ್ಟಿದಂದಿನಿಂದ ಇದ್ದ ಇಷ್ಟಲಿಂಗದ ಪಕ್ಕದಲ್ಲಿ ಜಪಾನಿನ ಪದಕವೂ ನನ್ನ ಕೊರಳಿಗೆ ಬಂತು.

ಊರಿಗೆ ಬಂದ ಮೇಲೆ ನಾನು ಕೈ ಎತ್ತದ ವಸ್ತುವೇ ಉಳಿಯಲಿಲ್ಲ. ದಾರ ಹರಿಯುವ ಹೊಲಿಗೆ ಯಂತ್ರಕ್ಕೆ ಎತ್ತಿದೆ, ಹುಳಿಯಾದ ಮೊಸರಿಗೆ ಎತ್ತಿದೆ, ಪಕ್ಕದ ಮನೆಯಾಕೆಯ ಹಲ್ಲುನೋವಿಗೆ ಎತ್ತಿದೆ. ಶಹಾಪುರದಿಂದ ಬರುವಾಗ ಬಸ್ಸು ಕೆಟ್ಟು ನಿಂತಿತು, ಎಂಜಿನ್ನಿನ ಕಡೆಗೂ ಎತ್ತಿದೆ. ಬಸ್ಸು ಗುರ್ ಎಂದಿತು. ಕಂಡಕ್ಟರ್ ನನಗೆ ಕೈ ಮುಗಿದ, ಡ್ರೈವರ್ ಮಾತ್ರ ಮುಖ ಗಂಟು ಹಾಕಿಕೊಂಡ. ಅರ್ಧ ತಾಸು ಕೈ ಮಸಿ ಮಾಡಿಕೊಂಡು ದುರಸ್ತಿ ಮಾಡಿದವನು ಅವನೇ.

ನನ್ನ ಮುಂದೆ ಕೂಡಲು ಒಪ್ಪದವರು ಒಬ್ಬರೇ, ನನ್ನ ಅತ್ತೆ. ಎಂಬತ್ತರ ಹತ್ತಿರದ ಜೀವ, ಸಿಟ್ಟಿನಲ್ಲಿ ನನಗಿಂತ ಒಂದು ಕೈ ಮೇಲು. ಗಂಡ ನೌಕರಿಗೆಂದು ಯಾದಗಿರಿಯಲ್ಲಿ ಇರುತ್ತಿದ್ದರು, ಭಾನುವಾರಕ್ಕೆ ಬರುತ್ತಿದ್ದರು. ಮಿಕ್ಕ ದಿನ ಮನೆಯಲ್ಲಿ ನಾವಿಬ್ಬರೇ. ನಾನು ಹೈದರಾಬಾದಿನಿಂದ ಬಂದ ವಾರದಲ್ಲೇ ಅತ್ತೆ ಊಟ ಬಿಟ್ಟರು. ಬೆಳಿಗ್ಗೆ ಪೂಜೆಯ ಕೋಣೆ ಸೇರಿ ಬಾಗಿಲು ಮುಚ್ಚಿಕೊಳ್ಳುವರು, ಹೊರಗೆ ಬಂದು ಹಸಿವಿಲ್ಲ ಎನ್ನುವರು. ಸಂಜೆಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ. ಬಡಿದಿಟ್ಟ ಬಿಸಿ ರೊಟ್ಟಿ ಐದು ದಿನ ಹಾಗೇ ಒಣಗಿದವು.

ನನಗೆ ಮೈಯೆಲ್ಲ ಉರಿಯಿತು. ಜಪಾನಿನ ದೇವರನ್ನು ಕಟ್ಟಿಕೊಂಡವಳ ಕೈಯೂಟ ಬೇಡವಾಗಿದೆ ಮುದುಕಿಗೆ ಎಂದುಕೊಂಡೆ. ಪಾತ್ರೆಗಳನ್ನು ಕುಕ್ಕಿದೆ. ಗಂಡನಿಗೆ ಫೋನು ಮಾಡಿ ನಿಮ್ಮ ತಾಯಿಗೆ ನಾನು ಮೈಲಿಗೆಯಾಗಿದ್ದೇನೆ ಎಂದು ಕೂಗಾಡಿದೆ. ನೀನೇ ಬಾಯಿಬಿಟ್ಟು ಕೇಳು ಎಂದು ಅವರು ನುಣುಚಿಕೊಂಡರು. ನಾನು ಕೇಳಲಿಲ್ಲ. ಹೀಗೇ ಆದರೆ ಈ ಜೀವ ಎಷ್ಟು ದಿನ ಉಳಿದೀತು ಎಂಬ ಹೆದರಿಕೆ ಮಾತ್ರ ಸಿಟ್ಟಿನ ಕೆಳಗೆ ಕೂತಿತ್ತು.

ಆರನೆಯ ದಿನ ಜಳಕ ಮುಗಿಸಿ ಬಂದೆ. ಸ್ನಾನಕ್ಕೆ ಹೋಗುವಾಗ ಪದಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕುತ್ತಿದ್ದೆ. ಚೀಲ ಖಾಲಿಯಾಗಿತ್ತು. ಪೂಜೆಯ ಕೋಣೆಗೆ ಓಡಿದೆ. ಹಿತ್ತಾಳೆ ತಾಟಿನಲ್ಲಿ, ನೀರಿನ ನಡುವೆ, ನನ್ನ ಜಪಾನಿನ ದೇವರು ಮಲಗಿದ್ದರು. ಮೈತುಂಬ ವಿಭೂತಿ, ನೆತ್ತಿಯ ಮೇಲೆ ಚೆಂಡುಹೂವು, ಪಕ್ಕದಲ್ಲಿ ನೈವೇದ್ಯಕ್ಕೆ ಒಂದು ಚಿಟಿಕೆ ಸಕ್ಕರೆ.

"ಏನು ಮಾಡೀರಿ ಅತ್ತಿ ಇದು?"

"ಜಳಕ ಮಾಡಿಸೀನಿ," ಎಂದರು ಅತ್ತೆ, ತಣ್ಣಗೆ. "ಒಂದ ಕೊರಳಾಗ ಎರಡು ದೇವರು. ಒಂದಕ್ಕ ದಿನಾ ನೀರು, ಇನ್ನೊಂದು ಬಂದಾಗಿಂದ ಜಳಕದ ಹೊತ್ತಿಗೆ ಪ್ಲಾಸ್ಟಿಕ್‌ನಾಗ ಕುಂತಾದ. ದೂರದಿಂದ ಬಂದ ದೇವರಿಗೆ ಹಿಂಗ ಮಾಡೂದೇನು?"

ನಾನು ಓಣಿಗೆಲ್ಲ ಕೇಳುವಂತೆ ಒದರಿದೆ. ನೀರು ತಾಗಬಾರದೆಂಬ ನಿಯಮ, ಬರೆಯಬೇಕಾದ ಪತ್ರ, ಎಲ್ಲ ಹೇಳಿದೆ. ಅತ್ತೆಯ ಮುಖ ಸಣ್ಣದಾಯಿತು. ತಪ್ಪಾಯಿತು, ಮುದುಕಿ ಮಾಡಿದ್ದು ಎಂದೇ ಬರೆ ಎಂದರು. ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ತಪ್ಪಾಯಿತು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಗಾದರೂ ಸುಮ್ಮನಾಗಬೇಕಿತ್ತು. ನನ್ನ ಸಿಟ್ಟು ಬಿಡಬೇಕಲ್ಲ. ನಮ್ಮಲ್ಲಿ ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು ಪೂಜಿಸುತ್ತೇವೆ. ನನ್ನ ದೇವರನ್ನು ಮಾತ್ರ ತಾಟಿಗೆ ಯಾಕೆ ಹಾಕಿದಿರಿ, ಅಂಗೈಗೆ ಹೇಸಿಗೆಯಾಯಿತೇ ಎಂದು ಕೇಳಿಯೇಬಿಟ್ಟೆ.

ಅತ್ತೆ ಎಡಗೈ ಚಾಚಿದರು. ಅದು ಹೊಲಿಗೆ ಯಂತ್ರದ ಸೂಜಿಯ ಹಾಗೆ ನಡುಗುತ್ತಿತ್ತು.

"ಐದು ದಿನ ಆತು ಹಿಂಗ ಆಗಾಕತ್ತಿ. ಲಿಂಗ ಬಿಚ್ಚಿ ಕೈಯಾಗ ಇಟ್ಕೊಳ್ಳಾಕ ಧೈರ್ಯ ಇಲ್ಲ. ಕೆಳಗ ಬಿತ್ತಂದ್ರ ನಾ ಯಾಕ ಇರಬೇಕು? ರಜಾಕಾರರ ಗದ್ದಲದಾಗ ತಿಂಥಣಿ ಹತ್ರ ಹರಿಗೋಲಿನಾಗ ಹೊಳಿ ದಾಟೀನಿ. ಮೈಮ್ಯಾಲಿನ ಬಂಗಾರ ಹೋತು. ಲಿಂಗ ಹಿಡದ ಕೈ ಅಲ್ಲಾಡಿದ್ದಿಲ್ಲ. ಈಗ ನೋಡು."

ಲಿಂಗಪೂಜೆ ಆಗದೆ ಅನ್ನ ಮುಟ್ಟುವವರಲ್ಲ ಅತ್ತೆ, ಇದು ನನಗೆ ಗೊತ್ತಿಲ್ಲದ್ದೇನಲ್ಲ. ಬಾಗಿಲು ಮುಚ್ಚಿಕೊಂಡು ಐದು ದಿನ ಆ ಮುದುಕಿ ತನ್ನ ಕೈಯನ್ನು ನೋಡುತ್ತ ಕೂತು ಎದ್ದು ಬಂದಿದ್ದಾರೆ. ನಾನು ಹೊರಗೆ ಪಾತ್ರೆ ಕುಕ್ಕಿದ್ದೇನೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು, ಅತ್ತೆಯ ಮೇಲೆ ಎಂದೂ ಬಾರದ ಪ್ರೀತಿ ಬಂತು.

ಬೆಳಕು ಕೊಡೋಣವೆಂದರೆ ಪದಕ ನೀರಿನಲ್ಲಿದೆ, ಕೈ ಎತ್ತುವಂತಿಲ್ಲ. ನನ್ನ ಬಳಿ ಉಳಿದಿದ್ದು ಒಂದೇ ವಿದ್ಯೆ, ಹತ್ತು ನಿಮಿಷ ಕೈ ಅಲ್ಲಾಡದಂತೆ ಹಿಡಿಯುವುದು. ಅತ್ತೆಯ ಎದುರು ಸರಿದು ಕೂತೆ. ಅವರ ಎಡಗೈಯ ಕೆಳಗೆ ನನ್ನ ಅಂಗೈ ಇಟ್ಟು, "ಬಿಚ್ಚರಿ ಅತ್ತಿ. ಬೀಳಂಗಿಲ್ಲ," ಎಂದೆ.

ಅವರು ಬಲಗೈಯಿಂದ ಸೆರಗು ಸರಿಸಿದರು. ಆಮೇಲೆ ಕೊರಳಿನ ಬೆಳ್ಳಿ ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತಂದುಕೊಂಡರು. ನೀರೆರೆದರು, ವಿಭೂತಿ ಹಚ್ಚಿದರು, ಪತ್ರೆ ಏರಿಸಿದರು. ಅವರ ಬೆರಳ ಸಂದಿಯಿಂದ ಇಳಿದ ನೀರು ನನ್ನ ಮೊಳಕೈವರೆಗೆ ಹರಿಯಿತು. ನಡುಕವೆಲ್ಲ ನನ್ನ ಅಂಗೈಗೆ ಇಳಿಯುತ್ತಿತ್ತು, ಲಿಂಗ ಅಲುಗಲಿಲ್ಲ. ಹತ್ತು ನಿಮಿಷವಲ್ಲ, ಅರ್ಧ ತಾಸೇ ಆಗಿರಬೇಕು. ಐದು ದಿನದ ಬಾಕಿ ಪೂಜೆಯನ್ನೂ ಅತ್ತೆ ಅವತ್ತೇ ಮುಗಿಸಿದರು.

ಆಮೇಲೆ ಒಲೆಯ ಮುಂದೆ ಬಂದು ಕೂತರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿದೆ. ಎರಡು ರೊಟ್ಟಿ ತಿಂದರು. ಮೂರನೆಯದನ್ನು ಮುರಿಯುತ್ತ ತಲೆ ಎತ್ತಿ, "ಪಲ್ಯಕ್ಕ ಉಪ್ಪು ಜಾಸ್ತಿ ಆಗ್ಯಾದ," ಎಂದರು.

ಬೇರೆ ದಿನವಾಗಿದ್ದರೆ ತಾಟು ಕಿತ್ತುಕೊಳ್ಳುತ್ತಿದ್ದೆ. ಅವತ್ತು ಹೌದ್ರಿ ಅತ್ತಿ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಾಲ್ಕನೆಯ ರೊಟ್ಟಿ ಬಡಿಯಲು ಕೂತೆ.