ಹಳ್ಳದಾಚೆಯವರಿಗೆ ರಜೆ

ನಾನು ಶಾಲೆ ಕಲಿಯುವಾಗ ಮಳೆಗೆ ರಜೆ ಕೊಡುತ್ತಿದ್ದವರು ಜಿಲ್ಲಾಧಿಕಾರಿಗಳಲ್ಲ, ನಮ್ಮ ಹೆಡ್‌ಮಾಸ್ತರು. ಯಲಬುರ್ಗಾ ಸೀಮೆಯ ನಮ್ಮ ಊರಿನಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ ಇತ್ತು. ಮುಂದೆ ಕಲಿಯಬೇಕೆಂದರೆ ಹಳ್ಳ ದಾಟಿ ಪಕ್ಕದೂರಿಗೆ ಹೋಗಬೇಕು. ಬೇಸಿಗೆಯಲ್ಲಿ ಆ ಹಳ್ಳ ಬರೀ ಉಸುಕು, ಕುಂಟಾಟ ಆಡುತ್ತಲೇ ದಾಟುತ್ತಿದ್ದೆವು. ಉತ್ತರಿ, ಹಸ್ತಿ ಮಳೆ ಶುರುವಾದರೆ ಅದರ ಗತ್ತೇ ಬೇರೆ.

ಹೆಡ್‌ಮಾಸ್ತರು ಲೆಕ್ಕ ಹೇಳಿಕೊಡುತ್ತಿರುವಾಗಲೇ ಎದ್ದು ಹೊರಗಿನ ಕಟ್ಟೆಗೆ ಹೋಗಿ, ಹುಬ್ಬಿಗೆ ಕೈ ಹಚ್ಚಿ ಗಜೇಂದ್ರಗಡದ ಗುಡ್ಡದ ಕಡೆ ನೋಡುತ್ತಿದ್ದರು. ನಮ್ಮ ಹಳ್ಳಕ್ಕೆ ನೀರು ಬರುವುದು ಆ ಕಡೆಯಿಂದ. ಅಲ್ಲಿ ಮೋಡ ಕಪ್ಪಾಗಿದ್ದರೆ ಒಳಗೆ ಬಂದವರೇ ಹೇಳುತ್ತಿದ್ದರು.

"ಹಳ್ಳದಾಚಿಯವರು ಚೀಲ ಕಟ್ರಿ. ನೆಟ್ಟಗ ಮನಿಗೆ ಹೋಗ್ರಿ. ಹಾದ್ಯಾಗ ಶೇಂಗಾ ಕಿತಗೊಂಡು ತಿನ್ಕೋತ ನಿಂದರಬ್ಯಾಡ್ರಿ."

ಶಾಲೆಯಿದ್ದ ಊರಿನ ಹುಡುಗರಿಗೆ ಹೊಟ್ಟೆ ಉರಿ. ಒಬ್ಬನಂತೂ ಒಂದು ದಿನ ಎದ್ದು ನಿಂತು ಅಜ್ಜಿಯ ನೆಪ ಮಾಡಿ, "ಸರ್, ನಮ್ಮ ಆಯಿ ಹಳ್ಳದಾಚಿ ಇರ್ತಾಳ್ರಿ, ನಾನೂ ಹೋಗ್ತೀನ್ರಿ" ಎಂದ.

"ನಿಮ್ಮ ಆಯಿಗೆ ರಜಾ ಕೊಟ್ಟೀನಿ. ನೀ ಕುಂದ್ರು" ಎಂದರು ಮಾಸ್ತರು.

ತಪಾಸಣೆಗೆ ಬಂದ ಸಾಹೇಬರೊಬ್ಬರು ಅರ್ಧ ಮಕ್ಕಳಿಲ್ಲದ್ದನ್ನು ಕಂಡು, ಮೋಡ ನೋಡಿ ರಜೆ ಕೊಡುವುದು ಯಾವ ರೂಲಿನಲ್ಲಿದೆ ಎಂದು ಕೇಳಿದ್ದರು. ಮಾಸ್ತರು ತಣ್ಣಗೆ, "ರೂಲಿನಾಗ ಹಳ್ಳ ಇಲ್ರಿ ಸಾಹೇಬ್ರ. ಈ ಮಕ್ಕಳ ಹಾದ್ಯಾಗ ಐತಿ" ಎಂದರು. ಸಾಹೇಬರು ಚಹಾ ಕುಡಿದು ಹೋದರು.

ಹಳ್ಳ ದಾಟಿ ಬರುವವರಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಅಪ್ಪನ ತಾಯಿ, ನಮ್ಮ ಆಯಿ, ಮೊದಲ ದಿನವೇ ಕರಾರು ಮಾಡಿದ್ದಳು. "ಹೊತ್ತು ಮುಣುಗೂದ್ರಾಗ ಮನ್ಯಾಗ ಇರಬೇಕು. ಒಂದ ದಿನ ಹಳ್ಳದಾಚಿ ಉಳದಿ ಅಂದ್ರ ಸಾಲಿ ಬಂದ್." ಅದು ಬರೀ ಬೆದರಿಕೆಯಾಗಿರಲಿಲ್ಲ. ದೊಡ್ಡಪ್ಪನ ಮಗಳು ಶಾಂತಕ್ಕನ ಶಾಲೆ ಹೀಗೆಯೇ ನಿಂತಿತ್ತು. ಆಕೆಯ ಶಾಲೆಯ ಚೀಲದಲ್ಲಿ ನಮ್ಮವ್ವ ಬೆಳ್ಳುಳ್ಳಿ ಹಾಕಿಡುತ್ತಿದ್ದಳು. ಆ ಚೀಲ ಕಂಡಾಗಲೆಲ್ಲ ನನ್ನ ಚೀಲವನ್ನು ಅದರಿಂದ ದೂರ ಇಡುತ್ತಿದ್ದೆ. ಮಾಸ್ತರಿಗೂ ಇದೆಲ್ಲ ಗೊತ್ತಿತ್ತು.

ಏಳನೆಯ ತರಗತಿಯಲ್ಲಿದ್ದಾಗ, ಹಸ್ತಿ ಮಳೆಯ ದಿನಗಳಲ್ಲಿ ಒಮ್ಮೆ, ಬಿಸಿಲು ಚುರುಗುಟ್ಟುತ್ತಿತ್ತು. ಮಾಸ್ತರು ಎರಡು ಸಲ ಹೊರಗೆ ಹೋಗಿ ನೋಡಿ ಬಂದರು. ಮೋಡದ ಸುಳಿವಿಲ್ಲ. ಆದರೆ ಹಿಂದಿನ ರಾತ್ರಿಯೇ ಗುಡ್ಡದ ಆಚೆ ಎಲ್ಲೋ ಜೋರು ಮಳೆಯಾಗಿತ್ತಂತೆ. ಸಂಜೆ ಶಾಲೆ ಬಿಟ್ಟು ನಾವು ದಂಡೆಗೆ ಬರುವಷ್ಟರಲ್ಲಿ ಹಳ್ಳ ಬಂದುಬಿಟ್ಟಿತ್ತು. ದಡದಿಂದ ದಡಕ್ಕೆ ರಾಡಿ ನೀರು, ಅದರಲ್ಲಿ ಜೋಳದ ದಂಟು, ಜಾಲಿ ಟೊಂಗೆ. ಹಸಿ ಎರೆಮಣ್ಣಿನ ವಾಸನೆ ಮೂಗಿಗೆ ಅಡರಿತು.

ಆಚೆ ದಂಡೆಯಲ್ಲಿ ನಮ್ಮೂರಿನವರೆಲ್ಲ ನೆರೆದಿದ್ದರು. ಅಪ್ಪ ಬಾಯಿಗೆ ಕೈ ಹಚ್ಚಿ ಏನೋ ಕೂಗುತ್ತಿದ್ದ. ನೀರಿನ ಸಪ್ಪಳಕ್ಕೆ ಒಂದು ಮಾತೂ ಕೇಳುತ್ತಿರಲಿಲ್ಲ. ಅವನ ಪಕ್ಕದಲ್ಲಿ ಆಯಿ ನಿಂತಿದ್ದಳು. ಅವಳನ್ನು ಕಂಡ ಕೂಡಲೇ ನನ್ನ ಶಾಲೆ ಮುಗಿಯಿತು ಎಂದುಕೊಂಡೆ.

ಸುದ್ದಿ ತಿಳಿದು ಮಾಸ್ತರು ಧೋತರ ಎತ್ತಿಕಟ್ಟಿಕೊಂಡು ಓಡಿ ಬಂದರು. ಮೊದಲು ನಮ್ಮನ್ನು ನೀರಿನಿಂದ ದೂರ ಸರಿಸಿದರು. ಆಮೇಲೆ ಪ್ರಾರ್ಥನೆಗೆ ನಿಲ್ಲಿಸುವಂತೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರದೇ ಕೈ ಹಿಡಿದು ಮೇಲೆತ್ತಿ ಆಚೆ ದಂಡೆಗೆ ತೋರಿಸಿದರು. ಎಲ್ಲ ಮಕ್ಕಳೂ ಇದ್ದಾರೆ ಎಂದು ಅಲ್ಲಿಯವರಿಗೆ ತಿಳಿಯಿತು. ಆ ದಂಡೆಯವರು ಒಬ್ಬೊಬ್ಬರಾಗಿ ಕೂತರು, ಆಯಿ ಮಾತ್ರ ನಿಂತೇ ಇದ್ದಳು.

ಅಷ್ಟರಲ್ಲಿ ಮಾಸ್ತರ ಮನೆಯವರು ಬುಟ್ಟಿ ಹೊತ್ತು ಬಂದರು. ಅವರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮನೆಗೆ ಕರೆದು ಬಡಿಸಬಹುದಿತ್ತು. ಮಾಸ್ತರು ಬಿಡಲಿಲ್ಲ. "ಇಲ್ಲೇ ಕುಂತು ಉಣ್ರಿ. ಆ ಕಡೆ ಮಾರಿ ಮಾಡ್ರಿ. ನೀವು ಉಂಡದ್ದು ನಿಮ್ಮವ್ವಗ ಕಾಣಬೇಕು" ಎಂದರು.

ನಾನು ರೊಟ್ಟಿ ಮುರಿಯದೆ ಅಳುತ್ತ ಕೂತಿದ್ದೆ. "ಸರ್, ನಾಳಿಂದ ನನ್ನ ಸಾಲಿ ಬಿಡಸ್ತಾರ್ರಿ" ಎಂದೆ.

"ಅದಕ್ಕ ಅಳಬ್ಯಾಡ. ನಿಮ್ಮ ಆಯಿ ನೋಡಾಕತ್ಯಾಳ. ಛಂದಂಗ ಉಣ್ಣು" ಎಂದರು ಅವರು.

ಅಕ್ಕೋರು ನನ್ನ ಪಕ್ಕ ಬಂದು ಕೂತು, ತಮ್ಮ ಸೆರಗನ್ನು ನನ್ನ ಹೆಗಲ ಮೇಲೆ ಹೊದಿಸಿ, ಆಚೆ ದಂಡೆಯ ಆಯಿಯನ್ನೇ ನೋಡುತ್ತ ನನಗೆ ತುತ್ತು ಮಾಡಿ ಉಣಿಸಿದರು. ಆ ಸೆರಗಿಗೆ ಒಲೆಯ ಹೊಗೆಯ ವಾಸನೆ ಇತ್ತು. ಆಯಿ ನಿಂತವಳು ಆಗ ಕೂತಳು.

ಆ ರಾತ್ರಿ ನಾವೆಲ್ಲ ಮಾಸ್ತರ ಮನೆಯಲ್ಲೇ ಮಲಗಿದೆವು. ಮರುದಿನ ಬೆಳಿಗ್ಗೆ ನೀರು ಮೊಣಕಾಲಿಗೆ ಇಳಿದಿತ್ತು. ಮಾಸ್ತರು ಕೋಲು ಹಿಡಿದು ಮುಂದೆ ನಡೆದು ನಮ್ಮನ್ನು ದಾಟಿಸಿದರು. ನೇರ ನಮ್ಮ ಮನೆಗೆ ಬಂದು ಆಯಿಯ ಎದುರು ನಿಂತರು.

"ಯವ್ವಾ, ನಂದ ತಪ್ಪಾತ್ರಿ. ಬಿಸಲು ನೋಡಿ ಮೋಸ ಹೋದೆ. ಹುಡುಗಿ ಶ್ಯಾಣ್ಯಾಕಿ ಅದಾಳ. ಸಾಲಿ ಮಾತ್ರ ಬಿಡಸಬ್ಯಾಡ್ರಿ."

ಅಪ್ಪ ಆಯಿಯ ಮುಖ ನೋಡಿದ. ಆಯಿ ಒಳಗೆ ಹೋದಳು. ನಾನು ಬೆಳ್ಳುಳ್ಳಿಯ ಚೀಲವನ್ನೇ ನೋಡುತ್ತಿದ್ದೆ. ಆಕೆ ಹೊರಗೆ ಬಂದಾಗ ಕೈಯಲ್ಲಿ ನಾನು ಹೊದೆಯುವ ಕೌದಿ ಇತ್ತು, ಹಳೆ ಸೀರೆ ತುಂಡುಗಳನ್ನು ಕೂಡಿಸಿ ಆಕೆಯೇ ಹೊಲಿದದ್ದು.

"ನಿಮ್ಮ ಮನಿಯವರು ಈಕಿಗೆ ಉಣಿಸಿದ್ದು ನೋಡೀನ್ರಿ. ಇದನ್ನ ನಿಮ್ಮ ಮನ್ಯಾಗ ಇಡ್ರಿ. ಚಿತ್ತಿ ಮಳಿ ಇನ್ನೂ ಬಾಕಿ ಐತಿ" ಎಂದಳು.

ಮಾಸ್ತರು ಆ ಕೌದಿಯನ್ನು ತಲೆಯ ಮೇಲೆ ಹೊತ್ತು, ನೀರು ತಾಗದಂತೆ ಹಳ್ಳ ದಾಟಿ ಹೋದರು. ನಮ್ಮ ಹೆಡ್‌ಮಾಸ್ತರು ನನ್ನ ಹಾಸಿಗೆ ಹೊತ್ತರು ಎಂದು ನಾನು ವರ್ಷವಿಡೀ ಹೇಳಿಕೊಂಡು ತಿರುಗಿದೆ.

ಈಗ ಆ ಹಳ್ಳಕ್ಕೆ ಸೇತುವೆಯಾಗಿದೆ. ನಾನು ಗಂಗಾವತಿಯಲ್ಲಿದ್ದೇನೆ, ನವಲಿ ಕಡೆಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಮಳೆಯ ರಜೆ ಮೊಬೈಲಿಗೆ ಬರುತ್ತದೆ, ಇಡೀ ಜಿಲ್ಲೆಗೆ ಒಂದೇ ಸಲ. ಕುಷ್ಟಗಿಯಲ್ಲಿ ಮಳೆ ಸುರಿದು ನಮ್ಮಲ್ಲಿ ಬಿಸಿಲು ಬಿದ್ದರೂ ರಜೆ ರಜೆಯೇ. ಒಳ್ಳೆಯದೇ ಆಯಿತು, ಯಾವ ಮಗುವೂ ದಂಡೆಯಲ್ಲಿ ಅಳುತ್ತ ನಿಲ್ಲಬೇಕಿಲ್ಲ. ಆದರೂ ಆ ಸಂದೇಶ ಓದುವಾಗ ಏನೋ ಕಡಿಮೆ ಎನಿಸುತ್ತದೆ. ಅದನ್ನು ಕಳಿಸಿದವರಿಗೆ ಯಾವ ಮಗುವಿನ ಮನೆ ಹಳ್ಳದಾಚೆ ಇದೆ ಎಂಬುದು ಗೊತ್ತಿಲ್ಲ. ನನ್ನ ತರಗತಿಯ ಮಕ್ಕಳದು ನನಗಾದರೂ ಪೂರ್ತಿ ಗೊತ್ತಿದೆಯೇ?

ಏಳನೆಯದು ಮುಗಿದ ದಿನ ಅಕ್ಕೋರು ಕೌದಿಯನ್ನು ಒಗೆದು ಒಣಗಿಸಿ ಮರಳಿ ಕೊಟ್ಟರು. ಅಂಚು ಹರಿದಿದ್ದ ಕಡೆ ತಮ್ಮ ನೀಲಿ ಸೀರೆಯ ತುಂಡು ಹಚ್ಚಿ ಹೊಲಿದಿದ್ದರು. ಮೊಬೈಲಿಗೆ ರಜೆ ಬಂದ ದಿನ ನನ್ನ ಮಗಳು ಅದೇ ಕೌದಿ ಹೊದ್ದು ಹೊತ್ತೇರುವವರೆಗೆ ಮಲಗುತ್ತಾಳೆ. ಮೊನ್ನೆ ಆ ನೀಲಿ ತುಂಡನ್ನು ಹಿಡಿದು, "ಅವ್ವ, ಇದು ನಮ್ಮ ಮನ್ಯಾಗ ಯಾರ ಸೀರಿ?" ಎಂದು ಕೇಳಿದಳು.

"ನಮ್ಮ ಮನಿದಲ್ಲ. ಹಳ್ಳದಾಚಿದು" ಎಂದೆ.