ಇಳಿಜಾರಿಗೊಂದು ಲಾರಿ

ಬಸ್ಸು ಹತ್ತಿದೊಡನೆ ಸಜ್ಜನರೆಲ್ಲ ಕಿಟಕಿಯ ಪಕ್ಕದ ಸ್ಥಾನಕ್ಕಾಗಿ ಧಾವಿಸುತ್ತಾರೆ. ನಾನು ಮಾತ್ರ ಡ್ರೈವರನ ಬೆನ್ನಹಿಂದಿನ ಆಸನವನ್ನು ಹಿಡಿದು, ಕತ್ತನ್ನು ಕೊಂಚ ಓರೆಮಾಡಿಕೊಂಡು, ಬ್ರೇಕು ಒತ್ತುವ ಆತನ ಬಲಗಾಲನ್ನು ನೋಡುತ್ತ ಕೂರುತ್ತೇನೆ. ಮುಖ ನೋಡಿ ಮನುಷ್ಯರನ್ನು ಅಳೆಯುವ ವಿದ್ಯೆ ನನಗೆ ಸಿದ್ಧಿಸಿಲ್ಲ, ಆದ್ದರಿಂದ ಪಾದಸೇವೆಯಲ್ಲೇ ತೃಪ್ತನಾಗಿದ್ದೇನೆ. ಒಮ್ಮೆ ಒಬ್ಬ ಡ್ರೈವರು ನನ್ನ ಈ ಏಕಾಗ್ರತೆಯನ್ನು ಗಮನಿಸಿ, ಚಪ್ಪಲಿಯ ಮೇಲೆ ನನಗೆ ಆಸೆಯಾಗಿದೆಯೆಂದು ಭಾವಿಸಿ, ಅದನ್ನು ಹೊಲಿದವನು ಹೊಸೂರು ಸಂತೆಯಲ್ಲಿ ಎಲ್ಲಿ ಕೂರುತ್ತಾನೆಂಬುದನ್ನು ದಾರಿಯುದ್ದಕ್ಕೂ ವಿವರಿಸಿದ. ಪಾಪ, ಆತನಿಗೆ ಬೇಸರವಾಗದಿರಲೆಂದು ಮುಂದಿನ ವಾರ ಹೋಗಿ ಒಂದು ಜೊತೆ ಕೊಂಡೂಬಿಟ್ಟೆ. ಈ ಕಾಲು ನೋಡುವ ಚಟ ನನಗೆ ಅಂಟಿದ್ದು ನನ್ನ ಮಾವ ಚಿಕ್ಕಣ್ಣನವರಿಂದ. ಆ ಕಥೆಯನ್ನು ನಿಮಗೆ ಹೇಳಬೇಕು. ಹೇಳುವಾಗ ನನ್ನ ಮಾನ ಸ್ವಲ್ಪ ಹೋಗುತ್ತದೆ, ಆದರೆ ನಮ್ಮಿಬ್ಬರ ಮಧ್ಯೆ ಅದೇನು ದೊಡ್ಡ ವಿಷಯ!

ನಾನು ರೇಖಾಗಣಿತದ ಮೇಷ್ಟ್ರು. ತ್ರಿಕೋನದ ಮೂರು ಕೋನಗಳ ಮೊತ್ತವನ್ನು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಹೇಳಬಲ್ಲೆ. ಮಕ್ಕಳು ಮೂರರಲ್ಲೂ ಮರೆಯಬಲ್ಲರು. ಮದುವೆಯಾದ ಹೊಸತರಲ್ಲಿ ನನಗೆ ವರ್ಷಕ್ಕೊಂದು ವರ್ಗಾವಣೆ. ಹೊಸೂರಿನಿಂದ ಬಾಗಲೂರಿಗೆ, ಬಾಗಲೂರಿನಿಂದ ಸೂಳಗಿರಿಗೆ, ಸೂಳಗಿರಿಯಿಂದ ಕೃಷ್ಣಗಿರಿಗೆ. ನಾನು ಆಜ್ಞಾಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರೆ ನನ್ನ ಸಿದ್ಧತೆ ಮುಗಿಯಿತು. ನನ್ನ ಹೆಂಡತಿ ನಂಜಮ್ಮ ಮಾತ್ರ ಒರಳಿನಿಂದ ಹಿಡಿದು ಸೌಟಿನವರೆಗೆ ಇಡೀ ಸಂಸಾರವನ್ನು ಗೋಣಿಚೀಲಗಳಲ್ಲಿ ಕಟ್ಟಬೇಕು, ಹೊಸ ಊರಿನಲ್ಲಿ ಬಿಚ್ಚಬೇಕು. ಬಿಚ್ಚಿದ ಹಗ್ಗವನ್ನು ಅವಳು ಎಸೆಯುತ್ತಿರಲಿಲ್ಲ, ಮೊಳೆಗೆ ತೂಗುಹಾಕುತ್ತಿದ್ದಳು. ಗೋಡೆಯ ಮೇಲಿನ ಆ ಹಗ್ಗವನ್ನು ನೋಡಿದಾಗಲೆಲ್ಲ ನನಗೆ ಒಂದು ಬಗೆಯ ಅಪರಾಧಭಾವ ಬರುತ್ತಿತ್ತು.

ಆ ಸಂಸಾರದಲ್ಲಿ ಒಂದೇ ಒಂದು ವಸ್ತು ಗೋಣಿಚೀಲಕ್ಕೆ ಹೋಗುತ್ತಿರಲಿಲ್ಲ. ಅದು ಉಪ್ಪಿನಕಾಯಿಯ ಪಿಂಗಾಣಿ ಜಾಡಿ, ಅವಳ ಅವ್ವನದು. ಅವ್ವ ತೀರಿಕೊಂಡಮೇಲೆ ಅವಳು ತವರಿನಿಂದ ಕೇಳಿ ತಂದದ್ದು ಅದೊಂದನ್ನೇ. ಪ್ರಯಾಣದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂರುತ್ತಿದ್ದಳು.

ಕೃಷ್ಣಗಿರಿಗೆ ಹೊರಟ ದಿನ ನಾನು ಬಾಡಿಗೆಗೆ ಹಿಡಿದದ್ದು ನೋಟಕ್ಕೆ ಅತಿ ಸುಂದರವಾದ ಎತ್ತಿನ ಜೋಡಿ. ಸೂಳಗಿರಿ ದಾಟಿದ ಮೇಲೆ ರಸ್ತೆ ದೊಡ್ಡದೊಂದು ಇಳಿಜಾರಿಗೆ ಬೀಳುತ್ತದೆ. ಗಾಡಿಯವನು ಕೆಳಗಿಳಿದು, ಎತ್ತುಗಳ ಮೂಗುದಾರ ಹಿಡಿದು, ಹೆಜ್ಜೆಹೆಜ್ಜೆಗೂ ಅವುಗಳ ಹತ್ತಿರ ಸಮಾಧಾನದ ಮಾತಾಡುತ್ತ ನಡೆಯುತ್ತಿದ್ದ. ನನಗೋ ಮಧ್ಯಾಹ್ನದೊಳಗೆ ಹೊಸ ಶಾಲೆಯಲ್ಲಿ ಹಾಜರಾಗುವ ಆತುರ. ಮುಂದೆ ಕೂತಿದ್ದ ನನ್ನ ಕೈಗೆ ಬಾರುಕೋಲು ಸಿಕ್ಕಿತು, ಬುದ್ಧಿ ಸಿಗಲಿಲ್ಲ. ಒಂದೇ ಒಂದು ಏಟು ಬಿಟ್ಟೆ. ಎತ್ತುಗಳು ಮುನ್ನುಗ್ಗಿದವು, ಗಾಡಿ ಅವುಗಳ ಮೇಲೆ ನುಗ್ಗಿತು, ಎಲ್ಲರೂ ಸೇರಿ ಪಕ್ಕದ ಹಳ್ಳಕ್ಕೆ ಇಳಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಜಾಡಿ ಮಾತ್ರ ಐದು ಚೂರಾಯಿತು.

"ಎತ್ತು ಬೆದರಿಬಿಟ್ಟಿತು," ಎಂದು ನಾನು ಮೊದಲು ಹೇಳಿದ್ದು ಗಾಡಿಯವನಿಗೆ. ಆಮೇಲೆ ದಾರಿಹೋಕರಿಗೆ, ಹೆಡ್ಮಾಸ್ತರರಿಗೆ, ಮಾವನಿಗೆ, ಕಡೆಗೆ ನನಗೂ ನಿಜವೆನಿಸುವಷ್ಟು ಜನಕ್ಕೆ. ನಂಜಮ್ಮ ಗಾಡಿಯ ಹಿಂಭಾಗದಲ್ಲಿ ಹಿಂದಕ್ಕೆ ಮುಖಮಾಡಿ ಕೂತಿದ್ದಳು, ನೋಡಿರಲಾರಳೆಂದು ನನ್ನ ಧೈರ್ಯ. ಅವಳು ಅಳಲಿಲ್ಲ. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಎದುರಿಗೆ ಬಂದ ಬಸ್ಸಿಗೆ ಕೈಯೊಡ್ಡಿ, "ಕಟ್ಟಿ ಬಿಚ್ಚಿ ಸಾಕಾಗೋಯ್ತು. ಕಟ್ದೆ ಬಿಚ್ದೆ ಇರೋ ಮನೆ ಸಿಕ್ದಾಗ ಹೇಳಿಕಳ್ಸಿ, ಬತ್ತೀನಿ" ಎಂದು ತವರೂರು ಬಾಗಲೂರಿಗೆ ಹೊರಟೇಹೋದಳು.

ಎಂಟು ತಿಂಗಳು ನಾನು ಕೃಷ್ಣಗಿರಿಯ ಒಂದು ಮಂಡಿಯ ಹಿಂದಿನ ಕೋಣೆಯಲ್ಲಿ ಬ್ರಹ್ಮಚರ್ಯವನ್ನೂ ಅರೆಬೆಂದ ಮುದ್ದೆಯನ್ನೂ ಏಕಕಾಲದಲ್ಲಿ ಅಭ್ಯಾಸ ಮಾಡಿದೆ. ಮುದ್ದೆಗೆ ಉಪ್ಪಿನಕಾಯಿ ಇರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅವಳಿಲ್ಲದೆ ನನಗೆ ಬದುಕು ಸಪ್ಪೆಯಾಗಿತ್ತು. ಇದನ್ನು ನೇರವಾಗಿ ಕಾಗದದಲ್ಲಿ ಬರೆದಿದ್ದರೆ ಕೆಲಸ ಸುಲಭವಾಗುತ್ತಿತ್ತೇನೋ, ಆದರೆ ನಾನು ಬರೆದ ಕಾಗದಗಳಲ್ಲೆಲ್ಲ ಹವಾಮಾನವೇ ತುಂಬಿರುತ್ತಿತ್ತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಮುಗಿದು, ಸೈನ್ಯದವರು ಬಿಟ್ಟುಹೋದ ಸಾಮಾನುಗಳನ್ನು ಒಬ್ಬ ಕಂಟ್ರಾಕ್ಟರು ಹೊಸೂರಿನ ಮೈದಾನದಲ್ಲಿ ಹರಾಜಿಗಿಟ್ಟ. ಬೂಟು, ಗುಡಾರ, ಬಕೀಟುಗಳ ನಡುವೆ ಚಕ್ರದ ಮೇಲೆ ನಿಂತಿತ್ತು ಒಂದು ಮನೆ! ನಿಜವಾದ ಮನೆ: ಬಾಗಿಲು, ಜಾಲರಿ ಹಾಕಿದ ಕಿಟಕಿ, ಗೋಡೆಗೆ ಮಡಚುವ ಮೇಜು, ಕುಲುಕಿದರೂ ತೆರೆಯದಂತೆ ಚಿಲಕವಿಟ್ಟ ಬೀರುಗಳು. ಯಾವನೋ ಸೇನಾಧಿಕಾರಿ ಅದರಲ್ಲಿ ಕಚೇರಿ ನಡೆಸಿದ್ದನಂತೆ. ಕಟ್ಟದೆ, ಬಿಚ್ಚದೆ, ಮೇಷ್ಟ್ರ ಜೊತೆ ತಾನೂ ವರ್ಗವಾಗುವ ಮನೆ! ನಾನು ಕೂಗಿದೆ. ಬೇರೆ ಯಾರೂ ಕೂಗಲಿಲ್ಲ. ಇಷ್ಟೊಂದು ಜನರಲ್ಲಿ ಬುದ್ಧಿವಂತ ನಾನೊಬ್ಬನೇ ಎಂದು ಹಿಗ್ಗಿದೆ.

ಸುತ್ತುಹಾಕಿ ನೋಡಿದಾಗ ಉಳಿದವರ ಮೌನಕ್ಕೆ ಕಾರಣ ತಿಳಿಯಿತು. ಮನೆಗೆ ಹಿಂದುಗಡೆ ಮಾತ್ರ ಚಕ್ರಗಳಿದ್ದವು. ಮುಂದುಗಡೆ ಎರಡು ಕಬ್ಬಿಣದ ಕಾಲುಗಳನ್ನೂರಿ ನಿಂತಿತ್ತು. ಕಂಟ್ರಾಕ್ಟರನ ಮೆಕ್ಯಾನಿಕ್ಕು ವಿವರಿಸಿದ: ಇದರ ಮುಂಭಾಗ ಲಾರಿಯ ಬೆನ್ನಿನ ಮೇಲೇ ಕೂರಬೇಕು, ಅಂಥ ಲಾರಿಗೆ ಸರಕು ತುಂಬುವ ತೊಟ್ಟಿ ಇರುವುದಿಲ್ಲ, ಬೆನ್ನಮೇಲೆ ತಿರುಗುವ ಒಂದು ದಪ್ಪ ತಟ್ಟೆಯಿರುತ್ತದೆ, ಅದನ್ನು ಐದನೆಯ ಚಕ್ರವೆನ್ನುತ್ತಾರೆ, ಮನೆಯ ಅಡಿಯ ಗೂಟ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸೈನ್ಯದಿಂದ ಬಂದ ಅಂಥ ಲಾರಿಗಳು ನಮ್ಮ ಕಡೆ ಎರಡೇ ಇದ್ದವು. ಒಂದು ಕೃಷ್ಣಗಿರಿಯ ಮಾವಿನ ವ್ಯಾಪಾರಿಯದು, ಇನ್ನೊಂದು ಜವಳಗಿರಿಯ ಕಾಡಿನಿಂದ ಮರದ ದಿಮ್ಮಿ ಎಳೆಯುವಂಥದು.

ನಾನು ಸಂಭ್ರಮದಿಂದ ಬಾಗಲೂರಿಗೆ ಹೇಳಿಕಳಿಸಿದೆ. ನಂಜಮ್ಮನ ಉತ್ತರ ಹೊತ್ತು ಸ್ವತಃ ಮಾವನೇ ಬಂದರು. "ಬತ್ತಾಳಂತೆ. ಆದ್ರೆ ಆ ಇಳಿಜಾರಲ್ಲಿ ಇನ್ನೊಂದ್ ಕಿತ ಏನಾರ ಒಡದ್ರೆ, ಅಲ್ಲೇ ಇಳ್ಕೊಂಡು ವಾಪಸ್ ಬಂದ್ಬುಡ್ತಾಳಂತೆ, ಆಮೇಲೆ ನೀನು ಕರೆಯಂಗಿಲ್ವಂತೆ. ಲಾರಿ ನಾನೇ ನೋಡ್ಬೇಕಂತೆ ಕಣ್ಲಾ." ಚಿಕ್ಕಣ್ಣನವರು ನನಗೆ ಸೋದರಮಾವನೂ ಹೌದಾದ್ದರಿಂದ ನಾಲ್ಕು ಜನರೆದುರು ಮೇಷ್ಟ್ರೇ ಎಂದೂ, ಜನ ಮರೆಯಾದೊಡನೆ ಕಣ್ಲಾ ಎಂದೂ ಕರೆಯುವ ಉಭಯಾಧಿಕಾರ ಅವರಿಗಿತ್ತು.

ಎತ್ತು ಆರಿಸುವುದರಲ್ಲಿ ಬಾಗಲೂರು ಸೀಮೆಗೆಲ್ಲ ಅವರದೇ ಕಡೆಯ ಮಾತು. ಆದರೆ ಲಾರಿಯನ್ನು ಅವರು ಹತ್ತಿದವರೇ ಅಲ್ಲ. ನಾನು ಒಳಗೊಳಗೇ ನಕ್ಕು, ಅವರಿಗೆ ಎಂಜಿನ್ನಿನ ಶಕ್ತಿಯನ್ನು ಕುರಿತು ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿ, "ಸರಿ, ಒಂದು ಚೊಂಬು ನೀರು ತತ್ತಾ" ಎಂದರು.

ನಿಗದಿಯಾದ ದಿನ ಎರಡೂ ಲಾರಿಗಳು ಮೈದಾನಕ್ಕೆ ಬಂದವು. ವ್ಯಾಪಾರಿಯದು ಹೊಸದಾಗಿ ಕೆಂಪು ಬಣ್ಣ ಬಳಿದ, ಮೂತಿಗೆ ಚೆಂಡುಹೂವಿನ ಹಾರ ಹಾಕಿದ, ಗುಡುಗಿದರೆ ಕಿಟಕಿಗಳು ನಡುಗುವಂಥ ಲಾರಿ. ಜವಳಗಿರಿಯದು ಮಾಸಲು ಹಸಿರಿನ, ಒಂದೇ ದೀಪ ಉಳಿದ, ಮೈತುಂಬ ತೊಗಟೆ ಮೆತ್ತಿಕೊಂಡ ಮುದಿ ವಾಹನ; ಡ್ರೈವರ್ ಮಾರಿಮುತ್ತು ಅದಕ್ಕಿಂತಲೂ ಮಾಸಲಾಗಿದ್ದ. ನನ್ನ ಮನಸ್ಸು ಆಗಲೇ ಕೆಂಪಿಗೆ ಮಾಲೆ ಹಾಕಿಯಾಗಿತ್ತು. ಮಾವ ಎರಡರ ಸುತ್ತಲೂ ನಿಧಾನವಾಗಿ ನಡೆದರು. ಹಣೆಯ ಮೇಲೆ ಸುಳಿ ಹುಡುಕುವವರಂತೆ ಮೂತಿಯನ್ನು ಸವರಿದರು. ಕುಕ್ಕುರುಗಾಲಲ್ಲಿ ಕೂತು ಟೈರುಗಳನ್ನು ಗೊರಸಿನಂತೆ ಒತ್ತಿದರು. ಕಡೆಗೆ ಡ್ರೈವರುಗಳನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: "ಇಳಿಜಾರಲ್ಲಿ ಏನ್ ಮಾಡ್ತೀಯಪ್ಪ?"

ಕೆಂಪು ಲಾರಿಯವನು ಮೀಸೆಯಲ್ಲೇ ನಕ್ಕ. "ಇಳಿಜಾರಲ್ಲಿ ಮಾಡಾದೇನೈತೆ ಯಜಮಾನ್ರೇ? ಗೇರು ತೆಗ್ದು ಬುಟ್ಬುಡೋದು. ಗಾಳಿ ಹೋದಂಗ್ ಹೋಯ್ತದೆ, ಪೆಟ್ರೋಲೂ ಉಳೀತದೆ."

ಮಾರಿಮುತ್ತು ಬೀಡಿಯನ್ನು ಮರೆಮಾಡಿಕೊಂಡು ಹೇಳಿದ: "ಹತ್ತುವಾಗ ಯಾವ ಗೇರೋ ಇಳಿವಾಗ್ಲೂ ಅದೇ ಗೇರು ಸಾಮಿ. ನಮ್ ಕಾಡಲ್ಲಿ ತಿರುವಿನಾಗೆ ಆನೆ ನಿಂತಿರ್ತದೆ. ಹಿಂದೆ ದಿಮ್ಮಿ ಐತೆ, ದಾರಿ ಬುಡು ಅಂದ್ರೆ ಅದು ಕೇಳ್ತದಾ? ನಾನೇ ನಿಲ್ಲಿಸ್ಬೇಕು."

ಮಾವನ ಚೊಂಬು ಆಗ ರಂಗಕ್ಕೆ ಬಂತು. ಹೊಸ ಎತ್ತಿನ ಜೋಡಿಯನ್ನು ಕೊಳ್ಳುವ ಮುನ್ನ ಗಾಡಿಗೆ ಹೂಡಿ, ಗಾಡಿಯಲ್ಲಿ ಕಂಠಮಟ್ಟ ನೀರು ತುಂಬಿದ ಚೊಂಬನ್ನಿಟ್ಟು, ಕೆರೆಯ ಏರಿಯಿಂದ ಕೆಳಗಿಳಿಸುವುದು ಅವರ ಪದ್ಧತಿ. ಏರಿ ಹತ್ತುವುದನ್ನು ಅವರು ನೋಡುತ್ತಲೇ ಇರಲಿಲ್ಲ. ಅದೇ ವಿಧಿ ಲಾರಿಗಳಿಗೂ ನಡೆಯಿತು. ಮನೆಯನ್ನು ಕೆಂಪು ಲಾರಿಗೆ ಹೂಡಿ, ಒಳಗೆ ಚೊಂಬಿನ ಪಕ್ಕ ಮಾವ ಚಕ್ಕಳಮಕ್ಕಳ ಹಾಕಿ ಕೂತರು. ಏರಿಯಿಂದ ಕೆಳಗಿಳಿಯುವಾಗ ಹಿಂದಿನ ಮನೆ ಮುಂದಿನ ಲಾರಿಯನ್ನು ದಬ್ಬಿತು, ಲಾರಿ ಗಕ್ಕನೆ ತಡೆಯಿತು, ಮನೆ ಬಾಲ ಆಡಿಸಿತು. ಬಾಗಿಲು ತೆರೆದಾಗ ಚೊಂಬು ಮೂಲೆಯಲ್ಲಿ ಬೋರಲು ಬಿದ್ದಿತ್ತು, ಮಾವನ ಹೊಸ ಪಂಚೆ ತೊಪ್ಪೆಯಾಗಿತ್ತು. ಅವರು ಪಂಚೆಯನ್ನು ಹಿಂಡಿ, ಚೊಂಬನ್ನು ಮತ್ತೆ ತುಂಬಿಸಿದರು. ಹಸಿರು ಲಾರಿ ಗೊಣಗುತ್ತ, ಕೆಮ್ಮುತ್ತ, ಒಂದೊಂದೇ ಹೆಜ್ಜೆ ಇಡುವ ಬಸುರಿಯಂತೆ ಇಳಿಯಿತು. ಒದ್ದೆ ಪಂಚೆಯಲ್ಲೇ ಹೊರಬಂದ ಮಾವ ಚೊಂಬಿನ ನೀರನ್ನು ಗಟಗಟ ಕುಡಿದು ತೀರ್ಪು ಕೊಟ್ಟರು.

"ಎಳ್ಯೋದು ಯಾವ್ದಾದ್ರೂ ಎಳೀತದೆ ಕಣ್ಲಾ. ಹಿಂದಿರೋ ಭಾರ ಮೈಮೇಲೆ ಬಂದಾಗ ತಡ್ಯೋದೈತಲ್ಲ, ಅದು ಬೇಕು." ಜನರಿದ್ದುದನ್ನು ಆಮೇಲೆ ನೆನಪಿಸಿಕೊಂಡು, "ಮೇಷ್ಟ್ರೇ" ಎಂದು ಸೇರಿಸಿದರು.

ಹೊರಡುವ ದಿನ ಬೆಳಗ್ಗೆ ಒಳಗಿನ ಸಾಮಾನನ್ನೂ ಅವರೇ ಜೋಡಿಸಿದರು. ಅವಳ ಹಿಂದೆಯೇ ಬಾಗಲೂರಿಗೆ ಕಳಿಸಿದ್ದ ಒರಳನ್ನೂ ಪುಸ್ತಕದ ಪೆಟ್ಟಿಗೆಗಳನ್ನೂ ಹಿಂದಿನ ದಿನವೇ ತರಿಸಿ ನಾನು ಮನೆಯ ಹಿಂದುಗಡೆ ಪೇರಿಸಿದ್ದೆ. ಹಿಂದೆ ಭಾರವಾದರೆ ನೊಗ ಮೇಲೇಳುತ್ತದೆಂದೂ, ಎಲ್ಲವನ್ನೂ ಮುಂದೆ ತುರುಕಿದರೆ ನೊಗ ಕತ್ತು ಮುರಿಯುತ್ತದೆಂದೂ ಹೇಳಿ, ಒರಳನ್ನು ಚಕ್ರಗಳಿಗಿಂತ ಕೊಂಚ ಮುಂದಕ್ಕೆ ಸರಿಸಿದರು. ಸನ್ನೆಗೋಲಿನ ಸಿದ್ಧಾಂತವನ್ನು ವರ್ಷವರ್ಷವೂ ಬೋಧಿಸುವ ನಾನು ಆ ಒರಳನ್ನು ತಳ್ಳಲು ಕೈಕೊಟ್ಟೆ, ಅಷ್ಟೆ.

ಹತ್ತು ಗಂಟೆಗೆ ಬಾಗಲೂರಿನ ಗಾಡಿಯಿಂದ ನಂಜಮ್ಮ ಇಳಿದಳು. ತೋಳಿನಲ್ಲಿ ಹೊಸ ಜಾಡಿ, ಅದರ ತುಂಬ ಮಾವಿನ ಉಪ್ಪಿನಕಾಯಿ. ಎಂಟು ತಿಂಗಳಲ್ಲಿ ಅವಳು ಕೊಂಚ ಸಣ್ಣಗಾಗಿದ್ದಳು. ನನ್ನನ್ನು ನೋಡಲಿಲ್ಲ, ಮನೆಯ ಒಳಗೆ ಹೋಗಿ ಬೀರುಗಳ ಚಿಲಕವನ್ನು ಒಂದೊಂದಾಗಿ ಹಾಕಿ ತೆಗೆದು ಪರೀಕ್ಷಿಸಿ, ನೆಲದ ಮೇಲೆ ಕೂತು ಜಾಡಿಯನ್ನು ಮಡಿಲಿಗೆಳೆದುಕೊಂಡಳು. ಮಾವ ಮಾರಿಮುತ್ತುವಿನ ಪಕ್ಕ ಹತ್ತಿದರು. ನಾನು ಅವಳೆದುರು ಕೂತೆ. ಸೂಳಗಿರಿಯವರೆಗೆ ನಾವಿಬ್ಬರೂ ಹವಾಮಾನದ ಬಗೆಗೂ ಮಾತಾಡಲಿಲ್ಲ.

ಇಳಿಜಾರು ಬಂತು. ಲಾರಿಯ ಸದ್ದು ಬದಲಾಯಿತು. ಮಾರಿಮುತ್ತು ಗೇರು ಇಳಿಸಿದ್ದ. ಎಂಜಿನ್ನು ನಮ್ಮೆಲ್ಲರ ಭಾರವನ್ನು ಹಲ್ಲುಕಚ್ಚಿ ತಡೆಯುತ್ತಿರುವುದು ನೆಲದ ಹಲಗೆಯ ಮೂಲಕ ಅಂಗಾಲಿಗೆ ತಿಳಿಯುತ್ತಿತ್ತು. ನಂಜಮ್ಮನ ಬೆರಳುಗಳು ಜಾಡಿಯ ಕತ್ತಿನ ಸುತ್ತ ಬಿಳಿಚಿಕೊಂಡಿದ್ದವು. ಕಿಟಕಿಯಾಚೆ ಆ ಹಳ್ಳ ಕಾಣಿಸಿತು. ಅದನ್ನು ನೋಡಿದ್ದೇ ತಡ, ಎಂಟು ತಿಂಗಳಿಂದ ಯಾರ್ಯಾರಿಗೋ ಹೇಳಿದ್ದ ಸುಳ್ಳೆಲ್ಲ ನನ್ನೆದುರು ಸಾಲುಗಟ್ಟಿತು. ಮಾವನ ಮಾತು ನೆನಪಾಯಿತು. ಅಂದು ಎತ್ತುಗಳು ತಡೆಯುತ್ತಲೇ ಇದ್ದವಲ್ಲ. ತಡೆಯಲಾರದೆ ಹೋದವನು ನಾನು.

"ನಂಜೂ, ಅವತ್ತು ಎತ್ತು ಬೆದರಲಿಲ್ಲ. ಬಾರುಕೋಲು ನನ್ ಕೈಲಿತ್ತು. ನಾನೇ ಹೊಡ್ದಿದ್ದು."

ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿದಳು. "ಗೊತ್ತು ಬುಡಿ. ಬಾರಿನ ಸದ್ದು ಕೇಳ್ತಲ್ಲ, ನನ್ಗೇನು ಕಿವಿ ಇರ್ಲಿಲ್ವಾ?"

"ಮತ್ತೆ ಮಾವನಿಗೆ ನೀನು ಹೇಳಲೇ ಇಲ್ಲ?"

"ನಾನ್ಯಾಕೆ ಹೇಳ್ಲಿ? ಅದು ನೀವು ಹೇಳ್ಬೇಕಾದ ಮಾತು." ಬೀರುಗಳನ್ನೂ ಜಾಲರಿಯನ್ನೂ ಮಡಚುಮೇಜನ್ನೂ ಒಮ್ಮೆ ಕಣ್ಣಾಡಿಸಿ ನೋಡಿ, ನಗು ತಡೆಯಲಾರದೆ ಕೇಳಿದಳು: "ಈ ಒಂದ್ ಮಾತು ಹೇಳಕ್ಕೆ ಇಷ್ಟ್ ದೊಡ್ ಮನೆ ಎಳಸ್ಕೊಂಬರ್ಬೇಕಾಗಿತ್ತಾ?"

ಇಳಿಜಾರು ಇನ್ನೂ ಅರ್ಧ ಉಳಿದಿತ್ತು. ಅವಳು ಜಾಡಿಯನ್ನೆತ್ತಿ ನನ್ನ ಮಡಿಲಲ್ಲಿಟ್ಟು, ಕಾಲು ಚಾಚಿಕೊಂಡು ಕಿಟಕಿಯಿಂದ ಹೊರಗೆ ನೋಡತೊಡಗಿದಳು. ನಾನು ಅದನ್ನು ಕೃಷ್ಣಗಿರಿಯ ಶಾಲೆಯ ಆವರಣ ತಲುಪುವವರೆಗೂ ಬಿಡಲಿಲ್ಲ.

ಆ ಮೇಲೆ ನನಗೆ ಇಂದಿನವರೆಗೆ ಒಂದೂ ವರ್ಗಾವಣೆ ಬಂದಿಲ್ಲವೆಂದರೆ ನೀವು ನಂಬಬೇಕು. ನಮ್ಮ ಚಲಿಸುವ ಮನೆ ಕೃಷ್ಣಗಿರಿಯಲ್ಲಿ ಅಲುಗದೆ ನಿಂತಿದೆ. ಅದರ ಕಬ್ಬಿಣದ ಕಾಲುಗಳಿಗೆ ನಂಜಮ್ಮ ಅವರೆ ಬಳ್ಳಿ ಹಬ್ಬಿಸಿದ್ದಾಳೆ, ಟೈರುಗಳ ನೆರಳಲ್ಲಿ ಕೋಳಿ ಕಾವಿಗೆ ಕೂರುತ್ತದೆ. ಬಾಗಲೂರಿಗೆ ಹೋಗಬೇಕಾದಾಗ ನಾವು ಬಸ್ಸು ಹತ್ತುತ್ತೇವೆ. ನಾನು ಅಭ್ಯಾಸಬಲದಿಂದ ಡ್ರೈವರನ ಬಲಗಾಲನ್ನು ನೋಡುತ್ತೇನೆ. ನಂಜಮ್ಮ ಎಲ್ಲ ಸಜ್ಜನರಂತೆ ಕಿಟಕಿ ಹಿಡಿಯುತ್ತಾಳೆ. ಮರಳಿ ಬರುವಾಗ ಸೂಳಗಿರಿ ದಾಟಿದ ಕೂಡಲೇ, ನನ್ನ ಕಡೆ ತಿರುಗದೆಯೇ, ಉಪ್ಪಿನಕಾಯಿಯ ಚೀಲವನ್ನು ನನ್ನ ತೊಡೆಯ ಮೇಲಿಟ್ಟು "ಹಿಡ್ಕಳಿ" ಎನ್ನುತ್ತಾಳೆ. ಅಲ್ಲಿಗೆ ನಾನು ಡ್ರೈವರನ ಕಾಲನ್ನು ಬಿಟ್ಟು, ನನ್ನೆರಡು ಕೈಗಳನ್ನು ನೋಡಿಕೊಳ್ಳುತ್ತೇನೆ.